ಕಲಬುರಗಿ, ಬೀದರ್, ಯಾದಗಿರಿ: 23 ಸರ್ವರ್‌ಗಳ ವೇರಿಯಬಲ್ ಫೈಲು ಜೋಡಿಸಿದ ಲಾಗ್

ಕೆಲಸ ಮುಗಿದು ನಾಲ್ಕು ದಿನವಾಯಿತು. ನೋಟ್‌ಬುಕ್ಕಿನಲ್ಲಿ ಗೀಚಿದ್ದು ನನಗೇ ಅರ್ಥವಾಗದಂತೆ ಆಗುವ ಮೊದಲು ಬರೆದಿಡುತ್ತಿದ್ದೇನೆ.

ಕಲಬುರಗಿಯಲ್ಲಿ ನಮ್ಮದು ಐದು ಜನರ ಸಣ್ಣ ಆಫೀಸು. ಬೇಳೆ ಮಿಲ್ಲು, ಅಡತ್ ಅಂಗಡಿಗಳಿಗೆ ತೂಕದ ಚೀಟಿ ಮತ್ತು ಬಿಲ್ಲಿನ ಸಾಫ್ಟ್‌ವೇರ್ ಕೊಡುತ್ತೇವೆ. ಸರ್ವರ್ 23 ಇವೆ. ಕಲಬುರಗಿಯಲ್ಲಿ 11, ಬೀದರ್‌ನಲ್ಲಿ 6, ಯಾದಗಿರಿಯಲ್ಲಿ 6. ಎಲ್ಲವೂ ಉಬುಂಟು 22.04. ಇಷ್ಟನ್ನೂ ಆನ್ಸಿಬಲ್‌ನಿಂದ ನೋಡಿಕೊಳ್ಳುವವನು ನಾನೊಬ್ಬನೇ. ಆನ್ಸಿಬಲ್ ಅಂದರೆ ಫೈಲಿನಲ್ಲಿ ಬರೆದಿಟ್ಟ ಸೆಟ್ಟಿಂಗ್‌ಗಳನ್ನು ಹಲವು ಸರ್ವರ್‌ಗಳಿಗೆ ಹಾಕುವ ಸಾಧನ. ಸೆಟ್ಟಿಂಗ್‌ನ ಹೆಸರು ವೇರಿಯಬಲ್, ಅದಕ್ಕೆ ಕೊಟ್ಟದ್ದು ವ್ಯಾಲ್ಯೂ. ಈ ಫೈಲುಗಳೆಲ್ಲ ಇರುವ ರೆಪೊ 2018ರದ್ದು. ನನಗಿಂತ ಮೊದಲು ಇಬ್ಬರು ಅದರಲ್ಲಿ ಕೈಯಾಡಿಸಿದ್ದರು.

ಒಂದು ಮಾತು. ಫೈಲು, ಗುಂಪು, ಕಮಾಂಡ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಮಷೀನಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿವೆ. ಮುಂದೆ ಅಕ್ಷರಗಳ ಸಾಲಿನ ವಿಷಯ ಬರುತ್ತದೆ, ಆಗ ಇದು ನೆನಪಿರಲಿ.

ಸೆಪ್ಟೆಂಬರ್ 11: ಯಾದಗಿರಿಯಿಂದ ಫೋನು

ಬೆಳಿಗ್ಗೆ 10:40. ಯಾದಗಿರಿಯ ಒಂದು ವೇ-ಬ್ರಿಜ್‌ನಿಂದ ಫೋನು ಬಂತು. "ಫೋಟೋ ಹೋಗವಲ್ತು ನೋಡ್ರಿ. ಗಾಡಿ ಸಾಲು ಹಚ್ಚಿ ನಿಂತಾವ." ಹೆಸರುಕಾಳಿನ ರಾಶಿ ನಡೆದಿದ್ದ ವಾರ ಅದು. ಗಾಡಿ ತೂಕಕ್ಕೆ ನಿಂತಾಗ ಒಂದು ಫೋಟೋ ತೆಗೆದು ಚೀಟಿಗೆ ಜೋಡಿಸುವುದು ನಮ್ಮ ಸಾಫ್ಟ್‌ವೇರಿನ ಕೆಲಸ. ಅವರು ಹೊಸ ಕ್ಯಾಮೆರಾ ಹಾಕಿಸಿದ್ದರು, ಫೋಟೋ 6ರಿಂದ 7 ಎಂಬಿ ಬರುತ್ತಿತ್ತು. ಲಾಗ್ ತೆಗೆದರೆ ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್ 413 ಕೊಡುತ್ತಿದೆ. ಕಳಿಸಿದ ಫೈಲು ಮಿತಿಗಿಂತ ದೊಡ್ಡದು ಅಂತ ಅದರ ಅರ್ಥ.

ಮಿತಿಯನ್ನು ನಾವು 20 ಎಂಬಿ ಇಟ್ಟಿದ್ದೆವು. ವೆಬ್ ಗುಂಪಿನ (ವೆಬ್ ಕೆಲಸದ ಮಷೀನುಗಳ) ಫೈಲಿನಲ್ಲಿ 20 ಅಂತ ಕಣ್ಣೆದುರೇ ಇತ್ತು. ಯಾದಗಿರಿಯ ಮಷೀನಿನೊಳಗೆ ಹೋಗಿ ನೋಡಿದರೆ 5.

ಮಾಡಿದ್ದು ಈ ಕ್ರಮದಲ್ಲಿ. ವೆಬ್ ಫೈಲಿನಲ್ಲಿ 20 ಅನ್ನು 25 ಮಾಡಿ ಪ್ಲೇಬುಕ್ (ಏನೇನು ಮಾಡಬೇಕು ಅಂತ ಆನ್ಸಿಬಲ್‌ಗೆ ಹೇಳುವ ಫೈಲು) ಓಡಿಸಿದೆ. ಕಲಬುರಗಿ ಬದಲಾಯಿತು, ಬೀದರ್ ಬದಲಾಯಿತು, ಯಾದಗಿರಿ ಅಲ್ಲೇ ಉಳಿಯಿತು. ಗಾಡಿಗಳು ನಿಂತಿದ್ದವು, ಯೋಚಿಸಲು ಪುರಸೊತ್ತಿರಲಿಲ್ಲ. ಕಮಾಂಡಿನಲ್ಲೇ ಎಕ್ಸ್‌ಟ್ರಾ ವಾರ್ಸ್ ಆಗಿ 25 ಅಂತ ಕೊಟ್ಟು ಓಡಿಸಿದೆ. ಆನ್ಸಿಬಲ್‌ನಲ್ಲಿ ಹೀಗೆ ಕೊಟ್ಟದ್ದು ಉಳಿದ ಎಲ್ಲದಕ್ಕಿಂತ ಮೇಲೆ ನಿಲ್ಲುತ್ತದೆ. ಫೋಟೋ ಹೋಯಿತು. ಅವರು ಖುಷಿಯಾದರು, ನಾನು ಊಟಕ್ಕೆ ಹೋದೆ.

ಮೊದಲ ತಪ್ಪು ಇದೇ. ಎಕ್ಸ್‌ಟ್ರಾ ವಾರ್ಸ್ ಎಲ್ಲೂ ಬರೆದಿಟ್ಟು ಉಳಿಯುವಂಥದ್ದಲ್ಲ. ನಮ್ಮಲ್ಲಿ ಪ್ರತಿ ರಾತ್ರಿ 3 ಗಂಟೆಗೆ ಪ್ಲೇಬುಕ್ ತಾನಾಗಿ ಓಡುತ್ತದೆ. ಅದು ಮತ್ತೆ 5 ಮಾಡಿ ಹಾಕಿತು. ಮರುದಿನ ಬೆಳಿಗ್ಗೆ ಅದೇ ಫೋನು, ಅದೇ ಸಾಲು. ಈ ಸಲ ಆ ಮಷೀನಿನ ಹೋಸ್ಟ್ ವಾರ್ಸ್ ಫೈಲಿನಲ್ಲಿ, ಅಂದರೆ ಅದೊಂದಕ್ಕೇ ಅನ್ವಯಿಸುವ ಫೈಲಿನಲ್ಲಿ, 25 ಬರೆದೆ. ಕೆಲಸ ನಡೆಯಿತು. ಆದರೆ ಬರೆಯುವಾಗಲೇ ಗೊತ್ತಾಯಿತು, ಆ ಫೋಲ್ಡರಿನಲ್ಲಿ ಹೀಗೇ ಅವಸರಕ್ಕೆ ಹುಟ್ಟಿದ 8 ಫೈಲು ಮೊದಲೇ ಇದ್ದವು. ನನ್ನದು 9ನೇದು.

ಸೆಪ್ಟೆಂಬರ್ 17: ಎಣಿಸಿದ್ದು

ಕಲ್ಯಾಣ ಕರ್ನಾಟಕ ಉತ್ಸವದ ರಜೆ. ಆಫೀಸಿಗೆ ಯಾರೂ ಬರಲ್ಲ, ಫೋನೂ ಕಡಿಮೆ. ಬೀಗ ತೆಗೆದು ಒಳಗೆ ಕೂತೆ.

ಇನ್ವೆಂಟರಿ (ಮಷೀನು ಮತ್ತು ಗುಂಪುಗಳ ಪಟ್ಟಿ) ಪಕ್ಕದ ಗ್ರೂಪ್ ವಾರ್ಸ್ (ಗುಂಪುಗಳ ವೇರಿಯಬಲ್) ಫೋಲ್ಡರಿನಲ್ಲಿ 17 ಫೈಲು. ಪ್ಲೇಬುಕ್ ಪಕ್ಕದಲ್ಲಿ ಇನ್ನೊಂದು ಗ್ರೂಪ್ ವಾರ್ಸ್, ಅದರಲ್ಲಿ 5. ಹೋಸ್ಟ್ ವಾರ್ಸ್ 9. ಆನ್ಸಿಬಲ್ ಎರಡೂ ಜಾಗದ ಗ್ರೂಪ್ ವಾರ್ಸ್ ಓದುತ್ತದೆ. ಒಂದೇ ಗುಂಪಿಗೆ ಎರಡೂ ಕಡೆ ಫೈಲಿದ್ದರೆ ಪ್ಲೇಬುಕ್ ಪಕ್ಕದ್ದು ಗೆಲ್ಲುತ್ತದೆ. ಇದು ನನಗೆ ಓದಿ ಗೊತ್ತಿತ್ತು. ನಮ್ಮ ರೆಪೊದಲ್ಲೇ ಹಾಗಿದೆ ಅಂತ ಮೂರು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಒಂದಕ್ಕಿಂತ ಜಾಸ್ತಿ ಫೈಲಿನಲ್ಲಿರುವ ವೇರಿಯಬಲ್ ಹೆಸರುಗಳನ್ನು ಒಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದು ಎಣಿಸಿದೆ. 87 ಬಂದವು.

ಅವತ್ತೇ ಸಾಮಾನು ಹೊಂದಿಸಿಕೊಂಡೆ. ಪರೀಕ್ಷೆಗೆ ಒಂದು ಹಳೆ ಮಿನಿ ಪಿಸಿ, 8,500 ರೂಪಾಯಿ. ಅದಕ್ಕೆ ಇನ್ನೊಂದು 8 ಜಿಬಿ ರ್‍ಯಾಮ್, 1,900. ಅದರಲ್ಲಿ ನಾಲ್ಕು ವರ್ಚುವಲ್ ಮಷೀನು: ಮೂರೂ ಊರಿನ ಒಂದೊಂದು ವೆಬ್, ಜೊತೆಗೆ ಒಂದು ಡೇಟಾಬೇಸ್.

ಸೆಪ್ಟೆಂಬರ್ 18: ಮೊದಲಿನ ಸ್ಥಿತಿ ಹಿಡಿದಿಟ್ಟದ್ದು

ಏನನ್ನೂ ಮುಟ್ಟುವ ಮೊದಲು, ಈಗ ಯಾವ ಮಷೀನಿಗೆ ಯಾವ ವ್ಯಾಲ್ಯೂ ಹೋಗುತ್ತಿದೆ ಅಂತ ಹಿಡಿದಿಡಬೇಕಿತ್ತು. ಆನ್ಸಿಬಲ್-ಇನ್ವೆಂಟರಿ ಕಮಾಂಡಿಗೆ ಹೋಸ್ಟ್ ಆಯ್ಕೆ ಕೊಟ್ಟರೆ ಆ ಮಷೀನಿನ ವೇರಿಯಬಲ್‌ಗಳನ್ನೆಲ್ಲ ಬೆರೆಸಿ, ಕೊನೆಗೆ ಉಳಿದದ್ದನ್ನು ತೋರಿಸುತ್ತದೆ. 23 ಮಷೀನಿಗೆ 23 ಫೈಲು. ಮುಂದೆ ಪ್ರತಿ ಬದಲಾವಣೆಗೂ ಮತ್ತೆ 23 ಫೈಲು ತೆಗೆದು ಡಿಫ್ (ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ) ನೋಡುವುದು. ಫೈಲು ಎಲ್ಲಿಂದ ಎಲ್ಲಿಗೆ ಹೋದರೂ ಡಿಫ್ ಖಾಲಿ ಇದ್ದರೆ ಏನೂ ಕೆಟ್ಟಿಲ್ಲ. ಈ ಇಡೀ ಕೆಲಸದಲ್ಲಿ ನನ್ನನ್ನು ಕಾಪಾಡಿದ್ದು ಈ 23 ಫೈಲು. ಆದರೆ ಇಲ್ಲೇ ಎರಡು ತಪ್ಪು ಮಾಡಿದೆ.

ಒಂದು. ಈ ಕಮಾಂಡಿಗೆ ಪ್ಲೇಬುಕ್ ಎಲ್ಲಿದೆ ಅಂತ ನಾವೇ ಹೇಳಬೇಕು. ಅದಕ್ಕೆ ಪ್ಲೇಬುಕ್-ಡಿರ್ ಅಂತ ಬೇರೆ ಆಯ್ಕೆ ಇದೆ. ಅದನ್ನು ಕೊಡಲಿಲ್ಲ. ಹಾಗಾಗಿ ಪ್ಲೇಬುಕ್ ಪಕ್ಕದ 5 ಫೈಲಿನ ವ್ಯಾಲ್ಯೂಗಳು ಲೆಕ್ಕಕ್ಕೇ ಬರಲಿಲ್ಲ. ಅರ್ಧ ದಿನ ತಪ್ಪು ಚಿತ್ರ ನೋಡುತ್ತಾ ಕೂತಿದ್ದೆ.

ಎರಡನೇದು ಇದಕ್ಕಿಂತ ದೊಡ್ಡದು. ವಾಲ್ಟ್‌ನಿಂದ (ಗುಟ್ಟಿನ ಫೈಲಿಗೆ ಪಾಸ್‌ವರ್ಡ್ ಹಾಕುವ ಆನ್ಸಿಬಲ್ ಸೌಲಭ್ಯ) ಬೀಗ ಹಾಕಿದ ಫೈಲುಗಳನ್ನು ಈ ಕಮಾಂಡ್ ಬಿಚ್ಚಿಯೇ ತೋರಿಸುತ್ತದೆ. ವಾಲ್ಟ್ ಪಾಸ್‌ವರ್ಡ್ ಫೈಲಿನ ದಾರಿ ನನ್ನ ಕಾನ್ಫಿಗ್‌ನಲ್ಲಿ ಇದ್ದದ್ದರಿಂದ ಅದು ಏನೂ ಕೇಳಲಿಲ್ಲ. ಡೇಟಾಬೇಸ್ ಪಾಸ್‌ವರ್ಡ್, ಎಸ್‌ಎಂಎಸ್ ಕೀ ಎಲ್ಲವೂ ಆ 23 ಫೈಲಿನಲ್ಲಿ ಬರಿಗಣ್ಣಿಗೆ ಕಾಣುವಂತೆ ಬಿದ್ದಿದ್ದವು. ಆ ಫೋಲ್ಡರನ್ನು ಗಿಟ್‌ಗೆ (ಫೈಲಿನ ಪ್ರತಿ ಬದಲಾವಣೆಯನ್ನೂ ಇಟ್ಟುಕೊಳ್ಳುವ ಸಾಫ್ಟ್‌ವೇರ್) ಕಮಿಟ್ ಮಾಡಿ, ಅಂದರೆ ದಾಖಲಿಸಿ, ನಮ್ಮ ಆಫೀಸಿನ ಗಿಟ್ ಸರ್ವರಿಗೆ ಪುಶ್ ಕೂಡ ಮಾಡಿಬಿಟ್ಟೆ. ಸಂಜೆ ಡಿಫ್ ಓದುವಾಗ ಕಣ್ಣಿಗೆ ಬಿತ್ತು, ಎದೆ ಧಸಕ್ಕೆಂದಿತು. ಕಮಿಟ್ ಅಳಿಸಿದೆ. ಆದರೆ ಅಳಿಸಿದರೆ ಸಾಲದು, ಒಮ್ಮೆ ಹೊರಬಿದ್ದದ್ದು ಹೊರಬಿದ್ದಂತೆಯೇ. ರಾತ್ರಿ 11ರವರೆಗೆ ಕೂತು 4 ಪಾಸ್‌ವರ್ಡ್, 1 ಕೀ ಬದಲಿಸಿದೆ. ಈಗ ಆ ಫೋಲ್ಡರು ಗಿಟ್ ಮುಟ್ಟಬಾರದವುಗಳ ಪಟ್ಟಿಯಾದ ಗಿಟ್ ಇಗ್ನೋರ್‌ನಲ್ಲಿದೆ ಮತ್ತು ನನ್ನ ಲ್ಯಾಪ್‌ಟಾಪಿನ ಎನ್‌ಕ್ರಿಪ್ಟ್ ಮಾಡಿದ ಭಾಗದಲ್ಲಿ ಮಾತ್ರ ಇದೆ.

ನೀವೂ ಹೀಗೆ ಮಾಡುವವರಿದ್ದರೆ ಗಿಟ್ ಇಗ್ನೋರ್ ಮೊದಲು, ಕಮಾಂಡ್ ಆಮೇಲೆ.

ಸೆಪ್ಟೆಂಬರ್ 19: ಯಾದಗಿರಿಗೆ ಮಾತ್ರ ಯಾಕೆ?

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಇಡೀ ಬೆಳಿಗ್ಗೆ ಹಿಡಿಯಿತು.

ಪ್ರತಿ ವೆಬ್ ಸರ್ವರೂ ಎರಡು ಗುಂಪಿನಲ್ಲಿದೆ. ಒಂದು ವೆಬ್, ಇನ್ನೊಂದು ಅದರ ಊರು. ಅಪ್‌ಲೋಡ್ ಮಿತಿ ವೆಬ್ ಫೈಲಿನಲ್ಲಿ 20 ಇತ್ತು. ಮೂರೂ ಊರಿನ ಫೈಲಿನಲ್ಲಿ ಅದೇ ಹೆಸರು, ವ್ಯಾಲ್ಯೂ 5. ಇಂಟರ್ನೆಟ್ ನಿಧಾನ ಇದ್ದ ಕಾಲಕ್ಕೆ ಯಾರೋ ಹಾಕಿ ಮರೆತದ್ದು. ಮೂರೂ ಊರಿನಲ್ಲಿ ಒಂದೇ ಜೋಡಣೆ, ಒಂದೇ 5. ಕಲಬುರಗಿ, ಬೀದರ್‌ನಲ್ಲಿ 20 ಗೆದ್ದರೆ ಯಾದಗಿರಿಯಲ್ಲಿ 5 ಯಾಕೆ ಗೆಲ್ಲಬೇಕು?

ಇನ್ವೆಂಟರಿಯನ್ನು ಗ್ರಾಫ್ ಆಯ್ಕೆ ಕೊಟ್ಟು ತೆಗೆದು, ಪೆನ್ಸಿಲಿನಲ್ಲಿ ಹಾಳೆಯ ಮೇಲೆ ಬರೆದುಕೊಂಡೆ. ವೆಬ್ ಗುಂಪು, ಊರಿನ ಗುಂಪು ಎರಡೂ ಒಂದೇ ಮಟ್ಟದಲ್ಲಿವೆ, ಒಂದು ಇನ್ನೊಂದರ ಒಳಗಿಲ್ಲ. ತಾಯಿ ಗುಂಪು, ಮಗು ಗುಂಪು ಅಂತಿದ್ದರೆ ಮಗುವಿನ ವ್ಯಾಲ್ಯೂ ಗೆಲ್ಲುತ್ತದೆ. ಒಂದೇ ಮಟ್ಟದಲ್ಲಿದ್ದರೆ ಆನ್ಸಿಬಲ್ ಗುಂಪುಗಳನ್ನು ಹೆಸರಿನ ಅಕ್ಷರಗಳ ಸಾಲಿನಲ್ಲಿ ಒಂದೊಂದಾಗಿ ಓದುತ್ತದೆ, ಕೊನೆಗೆ ಓದಿದ್ದು ಉಳಿಯುತ್ತದೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಬೀದರ್‌ನ ಬಿ, ಕಲಬುರಗಿಯ ಕೆ ಎರಡೂ ವೆಬ್‌ನ ಡಬ್ಲ್ಯೂಗಿಂತ ಮೊದಲು. ಅಲ್ಲೆಲ್ಲ ವೆಬ್ ಕೊನೆಗೆ ಬಂದು 20 ಉಳಿಯಿತು. ಯಾದಗಿರಿಯ ವೈ ಡಬ್ಲ್ಯೂ ಆದ ಮೇಲೆ ಬರುತ್ತದೆ. ಅಲ್ಲಿ ಊರಿನ ಫೈಲೇ ಕೊನೆಗೆ ಬಂದು 20ನ್ನು ಒರೆಸಿ 5 ಬರೆಯಿತು.

ಊರಿನ ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೆ ಅನ್ನುವುದರ ಮೇಲೆ ಯಾದಗಿರಿಯ ಗಾಡಿಗಳು ಎರಡು ದಿನ ಬಿಸಿಲಲ್ಲಿ ನಿಂತಿದ್ದವು.

ಗುಂಪಿಗೆ ಪ್ರಯಾರಿಟಿ ಕೊಡುವ ಒಂದು ವೇರಿಯಬಲ್ ಇದೆ, ಆನ್ಸಿಬಲ್ ಗ್ರೂಪ್ ಪ್ರಯಾರಿಟಿ ಅಂತ. ಸುಮ್ಮನಿದ್ದರೆ ಎಲ್ಲರದ್ದೂ 1. ವೆಬ್‌ನ ಗ್ರೂಪ್ ವಾರ್ಸ್ ಫೈಲಿನಲ್ಲಿ ಅದನ್ನು 10 ಮಾಡಿದೆ. ಏನೂ ಆಗಲಿಲ್ಲ. ಹೆಸರು ತಪ್ಪಾಯಿತಾ, ಸ್ಪೇಸ್ ತಪ್ಪಾಯಿತಾ ಅಂತ ಎರಡು ತಾಸು ಹುಡುಕಿದೆ. ಆಮೇಲೆ ಕೈಪಿಡಿಯಲ್ಲಿ ಆ ಸಾಲು ಸಿಕ್ಕಿತು: ಇದನ್ನು ಇನ್ವೆಂಟರಿಯಲ್ಲೇ ಬರೆಯಬೇಕು, ಗ್ರೂಪ್ ವಾರ್ಸ್‌ನಲ್ಲಿ ಬರೆದರೆ ನಡೆಯಲ್ಲ. ಗ್ರೂಪ್ ವಾರ್ಸ್ ಯಾವ ಸಾಲಿನಲ್ಲಿ ಓದಬೇಕು ಅನ್ನುವುದೇ ಇದರಿಂದ ತೀರ್ಮಾನವಾಗುವುದು, ಹಾಗಾಗಿ ಅದು ಮೊದಲೇ ಗೊತ್ತಿರಬೇಕಲ್ವಾ.

ಇನ್ವೆಂಟರಿಗೆ ಹಾಕಿದೆ. ಯಾದಗಿರಿಗೆ 25 ಬಂತು. ಮುಗಿಯಿತು ಅಂದುಕೊಂಡು ಡಿಫ್ ತೆಗೆದರೆ ಯಾದಗಿರಿಯ ವೆಬ್ ಮಷೀನುಗಳ ಡಿಎನ್‌ಎಸ್ (ಹೆಸರು ಕೊಟ್ಟರೆ ಮಷೀನಿನ ವಿಳಾಸ ಹೇಳುವ ಸರ್ವರ್) ವಿಳಾಸವೂ ಬದಲಾಗಿದೆ. ವೆಬ್ ಫೈಲಿನಲ್ಲಿ ಯಾವುದೋ ಕಾಲದ ಹೊರಗಿನ ಡಿಎನ್‌ಎಸ್ ವಿಳಾಸ ಇತ್ತು. ಊರಿನ ಫೈಲಿನಲ್ಲಿ ಆ ಊರಿನದೇ ಡಿಎನ್‌ಎಸ್. ಇಲ್ಲಿಯವರೆಗೆ ಯಾದಗಿರಿ ತನ್ನ ಊರಿನದ್ದು ಬಳಸುತ್ತಿತ್ತು, ಅದೇ ವೈ ಅಕ್ಷರದ ಪುಣ್ಯ. ಹಾಗಾದರೆ ಕಲಬುರಗಿ, ಬೀದರ್? ನೋಡಿದೆ. ಆ ಎರಡು ಊರಿನ ವೆಬ್ ಮಷೀನುಗಳು ಇಷ್ಟು ವರ್ಷ ಊರಿನ ಡಿಎನ್‌ಎಸ್ ಬಳಸಿಯೇ ಇರಲಿಲ್ಲ. ಹೊರಗಿನ ಲೈನು ಹೋದಾಗ ಬೀದರ್‌ನಲ್ಲಿ ಒಳಗಿನ ಬಿಲ್ಲಿಂಗ್ ಕೂಡ ನಿಲ್ಲುತ್ತದೆ ಅಂತ ದೂರು ಬರುತ್ತಿತ್ತು, ನಾವು ಸ್ವಿಚ್ಚಿನ ಮೇಲೆ ಅನುಮಾನ ಪಟ್ಟಿದ್ದೆವು. ಒಂದು ಸ್ವಿಚ್ ಬದಲಿಸಿಯೂ ಆಗಿತ್ತು.

ಪ್ರಯಾರಿಟಿ ತೆಗೆದುಹಾಕಿದೆ. ಒಂದು ವೇರಿಯಬಲ್‌ಗೆ ವೆಬ್ ಗೆಲ್ಲಬೇಕು, ಇನ್ನೊಂದಕ್ಕೆ ಊರು ಗೆಲ್ಲಬೇಕು. ಯಾವ ನಂಬರು ಹಾಕಿದರೂ ಅದು ಸರಿಹೋಗಲ್ಲ. ಎರಡು ಕಡೆ ಒಂದೇ ಹೆಸರು ಇರುವುದೇ ರೋಗ. ಗೆಲ್ಲುವವರನ್ನು ಬದಲಿಸಿದರೆ ರೋಗ ಬೇರೆ ಮಷೀನಿಗೆ ಹೋಗುತ್ತದೆ ಅಷ್ಟೇ.

ಸೆಪ್ಟೆಂಬರ್ 20, 21: 87 ಹೆಸರು, ಒಂದು ಪ್ರಶ್ನೆ

ಎರಡು ದಿನ ಹೆಚ್ಚಾಗಿ ನೋಟ್‌ಬುಕ್ಕಿನಲ್ಲೇ ಕೆಲಸ. ಪ್ರತಿ ಹೆಸರಿಗೂ ಒಂದೇ ಪ್ರಶ್ನೆ: ಇದು ಯಾರದ್ದು? ಊರಿನದ್ದಾ, ಕೆಲಸದ್ದಾ, ಮಷೀನಿನದ್ದಾ?

ಡಿಎನ್‌ಎಸ್, ಗೇಟ್‌ವೇ, ಟೈಮ್ ಸರ್ವರ್, ಬ್ಯಾಕಪ್ ಗಂಟೆ ಇವು ಊರಿನವು. ಬೀದರ್‌ನಿಂದ ಒಂದು ಮಷೀನನ್ನು ಹೊತ್ತು ಯಾದಗಿರಿಯಲ್ಲಿ ಇಟ್ಟರೆ ಇವು ಬದಲಾಗಬೇಕು. ಅಪ್‌ಲೋಡ್ ಮಿತಿ, ಟೈಮ್‌ಔಟ್, ವರ್ಕರ್‌ಗಳ ಸಂಖ್ಯೆ ಕೆಲಸದವು. ಮಷೀನು ಎಲ್ಲಿದ್ದರೂ ಅದೇ ಇರಬೇಕು. ಐಪಿ ವಿಳಾಸ, ಡಿಸ್ಕ್ ಹೆಸರು ಮಷೀನಿನವು. ಈ "ಹೊತ್ತೊಯ್ದರೆ ಏನಾಗಬೇಕು" ಅನ್ನುವ ಪರೀಕ್ಷೆ ಸಿಕ್ಕ ಮೇಲೆ ಕೆಲಸ ಬೇಗ ಸಾಗಿತು.

31 ಹೆಸರುಗಳಿಗೆ ಎಲ್ಲ ಫೈಲಿನಲ್ಲೂ ಒಂದೇ ವ್ಯಾಲ್ಯೂ ಇತ್ತು, ಸುಮ್ನೆ ನಕಲು ಮಾಡಿದ್ದು. ಅವನ್ನು ಆಯಾ ರೋಲ್‌ನ (ಒಂದು ಕೆಲಸಕ್ಕೆ ಸೇರಿದ ಟಾಸ್ಕುಗಳ ಕಟ್ಟು) ಡಿಫಾಲ್ಟ್ಸ್‌ಗೆ ಕಳಿಸಿದೆ. 22 ಹೆಸರುಗಳನ್ನು ಯಾರೂ ಬಳಸುತ್ತಿರಲಿಲ್ಲ, ಗಿಟ್ ಗ್ರೆಪ್ ಮಾಡಿ, ಅಂದರೆ ಎಲ್ಲ ಫೈಲಿನಲ್ಲೂ ಹುಡುಕಿ ನೋಡಿ ಅಳಿಸಿದೆ. 19 ಊರಿಗೆ, 11 ಕೆಲಸಕ್ಕೆ. ಉಳಿದ 4 ತೀರ್ಮಾನವಾಗಲಿಲ್ಲ.

ಎಲ್ಲವನ್ನೂ ಆಲ್ ಫೈಲಿಗೆ (ಎಲ್ಲ ಮಷೀನಿಗೂ ಅನ್ವಯಿಸುವ ಫೈಲು) ತುಂಬುವ ರೂಢಿ ಬಹಳ ಕಡೆ ಇದೆ. ನಾನು ಅದನ್ನು ಮಾಡಲಿಲ್ಲ. ಆಲ್ ಫೈಲು 400 ಸಾಲಾದರೆ ಅದು ಮನೆಯ ಅಟ್ಟದಂತೆ, ಏನಿದೆ ಅಂತ ಯಾರೂ ನೋಡಲ್ಲ. ರೋಲ್‌ನ ಡಿಫಾಲ್ಟ್ಸ್ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿರುತ್ತದೆ, ಯಾರು ಬೇಕಾದರೂ ಮೇಲಿನಿಂದ ಬದಲಿಸಬಹುದು. ಅಲ್ಲೇ ಇದ್ದರೆ ರೋಲ್ ಓದುವವನಿಗೆ ಪಕ್ಕದಲ್ಲೇ ಸಿಗುತ್ತದೆ. ನಮ್ಮ ಆಲ್‌ನಲ್ಲಿ ಈಗ 26 ಸಾಲು.

ಹೆಸರಿನ ಮುಂದೆ ರೋಲ್ ಹೆಸರು ಕಡ್ಡಾಯ ಮಾಡಿದೆ. ಮೊದಲು ಬರೀ ಟೈಮ್‌ಔಟ್ ಅಂತ ಇತ್ತು, ಅದನ್ನು ಎಂಜಿನ್‌ಎಕ್ಸೂ ಬಳಸುತ್ತಿತ್ತು, ಡೇಟಾಬೇಸೂ ಬಳಸುತ್ತಿತ್ತು. ಬರೆದದ್ದರಲ್ಲಿ ತಪ್ಪು ಹುಡುಕುವ ಆನ್ಸಿಬಲ್-ಲಿಂಟ್ ಕೂಡ ಇದನ್ನೇ ಕೇಳುತ್ತದೆ.

ಸೆಪ್ಟೆಂಬರ್ 23: ಗುಲ್ಬರ್ಗ ಮತ್ತು ಕಲಬುರಗಿ

ನಮ್ಮ ಮೊದಲ ಸರ್ವರ್ 2012ರದ್ದು. ಆಗ ಇಂಗ್ಲಿಷಿನಲ್ಲಿ ಊರಿನ ಹೆಸರು ಗುಲ್ಬರ್ಗ. ಕಲಬುರಗಿ ಅಂತ ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ. ಇನ್ವೆಂಟರಿಯಲ್ಲಿ ಎರಡೂ ಹೆಸರಿನ ಗುಂಪು ಉಳಿದಿದ್ದವು. 4 ಮಷೀನು ಗುಲ್ಬರ್ಗದಲ್ಲಿ ಮಾತ್ರ, 5 ಕಲಬುರಗಿಯಲ್ಲಿ ಮಾತ್ರ, 2 ಎರಡರಲ್ಲೂ. ಎರಡರಲ್ಲೂ ಇದ್ದವಕ್ಕೆ ಕಲಬುರಗಿ ಗೆಲ್ಲುತ್ತಿತ್ತು, ಜಿ ಆದ ಮೇಲೆ ಕೆ ಬರುವುದರಿಂದ.

ಗುಂಪು ಒಂದು ಮಾಡಿದೆ. ಡಿಫ್ ಸರಿ ಬಂತು. ಮಿನಿ ಪಿಸಿಯ ಮೇಲೆ ಓಡಿಸಿದೆ, ದೋಷ ಇಲ್ಲ. ಆದರೂ ಪರೀಕ್ಷೆಯ ಕಲಬುರಗಿ ಮಷೀನಿನಲ್ಲಿ ಫೈರ್‌ವಾಲ್‌ನ ಎರಡು ನಿಯಮ ಕಾಣೆಯಾಗಿದ್ದವು. ಕಾರಣ, ಫೈರ್‌ವಾಲ್ ಟಾಸ್ಕಿನಲ್ಲಿ "ಈ ಮಷೀನಿನ ಗುಂಪುಗಳಲ್ಲಿ ಗುಲ್ಬರ್ಗ ಇದ್ದರೆ ಮಾತ್ರ" ಅನ್ನುವ ಷರತ್ತಿತ್ತು. ಆ ಗುಂಪೇ ಈಗ ಇಲ್ಲ. ಆನ್ಸಿಬಲ್ ಟಾಸ್ಕನ್ನು ಸ್ಕಿಪ್ಡ್ ಅಂತ ತೋರಿಸಿ ಮುಂದೆ ಹೋಯಿತು. ಕೆಂಪು ಬಣ್ಣದಲ್ಲಿ ಏನೂ ಬರಲ್ಲ. ವೇರಿಯಬಲ್ ಡಿಫ್ ಇದನ್ನು ಹಿಡಿಯಲ್ಲ, ಯಾಕಂದ್ರೆ ಇದು ಟಾಸ್ಕಿನ ಒಳಗಿನ ಮಾತು. ಗಿಟ್ ಗ್ರೆಪ್‌ನಲ್ಲಿ ಗುಲ್ಬರ್ಗ ಅಂತ ಹುಡುಕಿದರೆ ಇಂಥವು 6 ಸಿಕ್ಕವು. ಮೊದಲೇ ಹುಡುಕಬೇಕಿತ್ತು.

ಸೆಪ್ಟೆಂಬರ್ 24, 25: ಫೈಲಿನಿಂದ ಫೋಲ್ಡರಿಗೆ

ಒಂದು ಗುಂಪಿಗೆ ಒಂದೇ ಫೈಲಿನ ಬದಲು ಅದೇ ಹೆಸರಿನ ಫೋಲ್ಡರ್ ಇಡಬಹುದು. ಒಳಗಿರುವ ಎಲ್ಲ ಫೈಲನ್ನೂ ಆನ್ಸಿಬಲ್ ಹೆಸರಿನ ಸಾಲಿನಲ್ಲಿ ಓದುತ್ತದೆ. ಊರಿಗೆ ಮೂರು ಫೈಲು ಮಾಡುವ ಯೋಚನೆ: ನೆಟ್‌ವರ್ಕ್, ಬ್ಯಾಕಪ್, ವಾಲ್ಟ್.

24ರ ಸಂಜೆ ಕಲಬುರಗಿ ಅಂತ ಫೋಲ್ಡರ್ ಮಾಡಿ ವಾಲ್ಟ್ ಫೈಲು ಮಾತ್ರ ಒಳಗಿಟ್ಟೆ. ಹಳೆಯ ಕಲಬುರಗಿ ವೈಎಂಎಲ್ (ಆನ್ಸಿಬಲ್ ಫೈಲುಗಳನ್ನು ಬರೆಯುವ ರೂಪ) ಫೈಲನ್ನು ನಾಳೆ ಒಡೆಯೋಣ ಅಂತ ಹೊರಗೇ ಬಿಟ್ಟೆ. ಎರಡನ್ನೂ ಓದುತ್ತದೆ ಅಂದುಕೊಂಡಿದ್ದೆ. ಡಿಫ್ ತೆಗೆದರೆ ಕಲಬುರಗಿಯ ಪ್ರತಿ ಮಷೀನಿನಲ್ಲೂ 38 ಸಾಲು ಮಾಯ. ಫೋಲ್ಡರ್ ಕಂಡ ಕೂಡಲೇ ಆನ್ಸಿಬಲ್ ಅಲ್ಲಿಗೇ ನಿಲ್ಲುತ್ತದೆ, ಅದೇ ಹೆಸರಿನ ವೈಎಂಎಲ್ ಫೈಲನ್ನು ನೋಡುವುದೇ ಇಲ್ಲ. ಎಚ್ಚರಿಕೆಯ ಸಾಲೂ ಬರಲ್ಲ. ಡಿಫ್ ಇಲ್ಲದೇ ರಾತ್ರಿ 3ರ ಪ್ಲೇಬುಕ್‌ಗೆ ಇದು ಹೋಗಿದ್ದರೆ ಬೆಳಿಗ್ಗೆ 11 ಸರ್ವರಿಗೆ ಡಿಎನ್‌ಎಸ್ ಇರುತ್ತಿರಲಿಲ್ಲ. ಅವತ್ತೇ ಒಂದು ನಿಯಮ ಮಾಡಿಕೊಂಡೆ: ಫೋಲ್ಡರ್ ಮಾಡಿದ ಅದೇ ಕಮಿಟ್‌ನಲ್ಲಿ ಫೈಲು ಒಳಗೆ ಹೋಗಬೇಕು.

ಮರುದಿನ ಇನ್ನೊಂದು. ಬೀದರ್ ಫೋಲ್ಡರಿನಲ್ಲಿ ಮೇನ್ ಫೈಲನ್ನು ತಿದ್ದುವ ಮೊದಲು ನಕಲು ಇಟ್ಟುಕೊಂಡೆ, ಹೆಸರು ಮೇನ್ ಅಂಡರ್‌ಸ್ಕೋರ್ ಓಲ್ಡ್, ಕೊನೆಗೆ ವೈಎಂಎಲ್. ಮೇನ್‌ನಲ್ಲಿ ಏನು ತಿದ್ದಿದರೂ ಬೀದರ್ ಬದಲಾಗುತ್ತಿಲ್ಲ. ಹತ್ತು ನಿಮಿಷ ಆದ ಮೇಲೆ ಹೊಳೆಯಿತು, ನಕಲೂ ಅದೇ ಫೋಲ್ಡರಿನಲ್ಲಿದೆ, ಅದನ್ನೂ ಓದುತ್ತಿದೆ. ಹೆಸರುಗಳ ಸಾಲಿನಲ್ಲಿ ಚುಕ್ಕೆ ಮೊದಲು, ಅಂಡರ್‌ಸ್ಕೋರ್ ಆಮೇಲೆ. ಹಾಗಾಗಿ ನಕಲು ಕೊನೆಗೆ ಬಂದು ಗೆಲ್ಲುತ್ತಿತ್ತು. ಅಂಡರ್‌ಸ್ಕೋರ್ ಬದಲು ಹೈಫನ್ ಹಾಕಿದ್ದರೆ ನಕಲು ಮೊದಲು ಬಂದು ಸೋಲುತ್ತಿತ್ತು, ನನಗೆ ಗೊತ್ತೇ ಆಗುತ್ತಿರಲಿಲ್ಲ. ಗಿಟ್ ಇರುವಾಗ ನಕಲು ಯಾಕೆ ಬೇಕು? ಕೈಯ ಹಳೆ ಅಭ್ಯಾಸ ಅದು. ಬಿಟ್ಟೆ.

ಸೆಪ್ಟೆಂಬರ್ 26: ವಾಲ್ಟ್

ಬೇಗ ಮುಗಿಯಿತು. ಮೊದಲು ಇಡೀ ಡೇಟಾಬೇಸ್ ಫೈಲಿಗೇ ಬೀಗ ಇತ್ತು, ಪೋರ್ಟ್ ನಂಬರು ನೋಡಲೂ ಬಿಚ್ಚಬೇಕಿತ್ತು. ಗ್ರೆಪ್‌ಗೂ ಒಳಗಿನದು ಸಿಗುತ್ತಿರಲಿಲ್ಲ. ಈಗ ಗುಟ್ಟಿನ ವ್ಯಾಲ್ಯೂ ಮಾತ್ರ ವಾಲ್ಟ್ ಫೈಲಿನಲ್ಲಿ, ಹೆಸರಿನ ಮುಂದೆ ವಾಲ್ಟ್ ಅಂಡರ್‌ಸ್ಕೋರ್. ಪಕ್ಕದ ತೆರೆದ ಫೈಲಿನಲ್ಲಿ ಮಾಮೂಲಿ ಹೆಸರು, ಅದು ವಾಲ್ಟ್ ಹೆಸರನ್ನು ತೋರಿಸುತ್ತದೆ. ಹುಡುಕಿದರೆ ಎಲ್ಲ ಹೆಸರೂ ಸಿಗುತ್ತವೆ, ಗುಟ್ಟು ಮಾತ್ರ ಒಳಗಿರುತ್ತದೆ.

ಅದೇ ದಿನ ಎಂಜಿನ್‌ಎಕ್ಸ್‌ನ ದೊಡ್ಡ ಡಿಕ್ಷನರಿ ವೇರಿಯಬಲ್ (ಒಂದೇ ಹೆಸರಿನ ಕೆಳಗೆ ಹಲವು ಸಾಲು ಇರುವಂಥದ್ದು) ಒಂದನ್ನು ಬಿಡಿಬಿಡಿ ಹೆಸರುಗಳಾಗಿ ಒಡೆದೆ. ಡಿಕ್ಷನರಿಯ ಒಂದು ಸಾಲನ್ನು ಇನ್ನೊಂದು ಫೈಲಿನಲ್ಲಿ ಬದಲಿಸಲು ಹೋದರೆ, ಉಳಿದ ಸಾಲುಗಳೂ ಹೋಗಿ ಹೊಸದಷ್ಟೇ ಉಳಿಯುತ್ತದೆ. ಬೆರೆಸುವ ಸೆಟ್ಟಿಂಗ್ ಇದೆ, ಆದರೆ ಅದು ಇಡೀ ರೆಪೊಗೆ ಅನ್ವಯಿಸುತ್ತದೆ, ನನಗೆ ಬೇಡವಾಯಿತು.

ಸೆಪ್ಟೆಂಬರ್ 29ರಿಂದ ಅಕ್ಟೋಬರ್ 2: ಬೀದರ್‌ನ ಬ್ಯಾಕಪ್

ಇದು ಈ ಲಾಗ್‌ನ ಅತಿ ಕೆಟ್ಟ ತಪ್ಪು. ಇದನ್ನು ಬರೆಯದಿದ್ದರೆ ಉಳಿದದ್ದು ಬರೆದೂ ಪ್ರಯೋಜನವಿಲ್ಲ.

ಮೂರೂ ಊರಿನ ಬ್ಯಾಕಪ್ ರಾತ್ರಿ 02:30ಕ್ಕೆ. ಬೀದರ್‌ನವರು ಆ ಹೊತ್ತಿಗೆ ಕರೆಂಟು ಹೋಗುತ್ತಿದೆ, 22:30ಕ್ಕೆ ಮಾಡಿ ಅಂತ ಕೇಳಿದರು. ಬೀದರ್ ಫೋಲ್ಡರಿನ ಬ್ಯಾಕಪ್ ಫೈಲಿನಲ್ಲಿ 02:30 ಅಳಿಸಿ 22:30 ಬರೆದೆ. ಡಿಫ್ ತೆಗೆದೆ. ಬ್ಯಾಕಪ್ ಗಂಟೆಯ ಸಾಲೊಂದೇ ಬದಲಾಗಿತ್ತು. ಬದಲಾಗಬೇಕಾದ ಸಾಲೇ ಬದಲಾಗಿದೆ ಅಂತ ಮುಂದೆ ಹೋದೆ. ಸಾಲಿನಲ್ಲಿ ಏನಿದೆ ಅಂತ ಓದಲಿಲ್ಲ.

ಅಲ್ಲಿದ್ದದ್ದು 1350.

ಆನ್ಸಿಬಲ್ ಬಳಸುವ ವೈಎಂಎಲ್ ಓದುಗ ಹಳೆಯ 1.1 ನಿಯಮದ್ದು. ಅದರಲ್ಲಿ ಕೋಟ್ (ಉದ್ಧರಣ ಚಿಹ್ನೆ) ಇಲ್ಲದ 22:30 ಅರವತ್ತರ ಲೆಕ್ಕದ ಸಂಖ್ಯೆ. 22 ಗುಣಿಸು 60, ಕೂಡಿಸು 30, ಒಟ್ಟು 1350. 02:30 ಸೊನ್ನೆಯಿಂದ ಶುರುವಾಗುವುದರಿಂದ ಆ ಅಚ್ಚಿಗೆ ಹೊಂದಲ್ಲ, ಬರೀ ಅಕ್ಷರವಾಗಿ ಉಳಿಯುತ್ತದೆ. ಇಷ್ಟು ವರ್ಷ ಕೋಟ್ ಇಲ್ಲದೇ ನಡೆದದ್ದು ಹಾಗಾಗಿ. ಟೈಮರ್ ಫೈಲಿಗೆ 1350 ಹೋಯಿತು, ಟೈಮರ್ ಏಳಲೇ ಇಲ್ಲ. ಮೂರು ರಾತ್ರಿ ಬೀದರ್‌ಗೆ ಬ್ಯಾಕಪ್ ಇರಲಿಲ್ಲ. ಅಕ್ಟೋಬರ್ 2ರ ಬೆಳಿಗ್ಗೆ ಬ್ಯಾಕಪ್ ಡಿಸ್ಕಿನ ಗಾತ್ರ ಬೆಳೆದಿಲ್ಲ ಅಂತ ನೋಡಿ ಗೊತ್ತಾದದ್ದು. ಆ ಮೂರು ದಿನ ಡಿಸ್ಕ್ ಏನಾದರೂ ಹೋಗಿದ್ದರೆ ಅಡತ್ ಅಂಗಡಿಯವರಿಗೆ ಏನು ಹೇಳುತ್ತಿದ್ದೆ ಅಂತ ಈಗಲೂ ಯೋಚನೆ ಬರುತ್ತದೆ. ಅವರಿಗೆ ಫೋನ್ ಮಾಡಿ ನಡೆದದ್ದನ್ನು ಇದ್ದಂತೆ ಹೇಳಿದೆ.

ಮಾಡಿದ ತಿದ್ದುಪಡಿ ಮೂರು. ಗಂಟೆ, ಫೈಲ್ ಮೋಡ್, ಆವೃತ್ತಿ ನಂಬರು, ಯೆಸ್ ಮತ್ತು ನೋ ಎಲ್ಲಕ್ಕೂ ಕೋಟ್. ಬ್ಯಾಕಪ್ ರೋಲ್‌ನ ಮೊದಲ ಟಾಸ್ಕಿನಲ್ಲೇ ಗಂಟೆಯ ಅಚ್ಚು ಪರೀಕ್ಷೆ, ಹೊಂದದಿದ್ದರೆ ಅಲ್ಲೇ ಕೆಂಪಾಗಿ ನಿಲ್ಲುತ್ತದೆ. ಹಿಂದಿನ ರಾತ್ರಿಯ ಬ್ಯಾಕಪ್ ಇಲ್ಲದಿದ್ದರೆ ಬೆಳಿಗ್ಗೆ 7ಕ್ಕೆ ನನ್ನ ಮೊಬೈಲಿಗೆ ಮೆಸೇಜು.

ಅಕ್ಟೋಬರ್ 4: ಯಾದಗಿರಿಗೆ ಹೋದದ್ದು

ಯಾದಗಿರಿ ಫೋಲ್ಡರಿನಲ್ಲಿ ಎಸ್‌ಎಸ್‌ಎಚ್ ಪೋರ್ಟ್ ಮತ್ತು ಫೈರ್‌ವಾಲ್ ಹೆಸರುಗಳು ಜಾಗ ಬದಲಿಸಿದ್ದವು. ಅದು ಕೆಟ್ಟರೆ ದೂರದಿಂದ ಒಳಗೆ ಹೋಗಲು ಆಗಲ್ಲ. ಪರೀಕ್ಷೆಯಲ್ಲಿ ಪಾಸಾಗಿತ್ತು, ಆದರೂ ಮಷೀನಿನ ಪಕ್ಕದಲ್ಲೇ ಇರಬೇಕು ಅನ್ನಿಸಿತು. ಬೆಳಗಿನ ರೈಲು ಹಿಡಿದು, ವಾಡಿ ದಾಟಿ, 10ರೊಳಗೆ ಅಲ್ಲಿದ್ದೆ. ಒಂದು ಕೀಬೋರ್ಡು, ಒಂದು ಸಣ್ಣ ಮಾನಿಟರ್, ಒಂದು ಲ್ಯಾನ್ ಕೇಬಲ್. ಹೋಗಿ ಬರಲು, ರೊಟ್ಟಿ ಊಟ ಸೇರಿ 340 ರೂಪಾಯಿ.

ಮೊದಲು ಚೆಕ್ ಮತ್ತು ಡಿಫ್ ಆಯ್ಕೆ ಕೊಟ್ಟು ಒಣ ಓಟ, ಅಂದರೆ ಏನನ್ನೂ ಬದಲಿಸದೆ ಏನು ಬದಲಾಗುತ್ತದೆ ಅಂತ ನೋಡುವುದು. ಆಮೇಲೆ ಲಿಮಿಟ್ ಹಾಕಿ ಒಂದೇ ಮಷೀನು. ಇನ್ನೊಂದು ಕಿಟಕಿಯಲ್ಲಿ ಹಳೆಯ ಎಸ್‌ಎಸ್‌ಎಚ್ ಸಂಪರ್ಕ ತೆರೆದೇ ಇಟ್ಟಿದ್ದೆ. ಹೊಸ ಸಂಪರ್ಕ ಬಂತು. ಒಂದು ತಾಸು ಬಿಟ್ಟು ಉಳಿದ 5 ಮಷೀನು, ಒಂದೊಂದಾಗಿ. ಹೋಸ್ಟ್ ವಾರ್ಸ್‌ನಲ್ಲಿ ಅವಸರಕ್ಕೆ ಬರೆದಿದ್ದ 25 ಅಳಿಸಿ ಮತ್ತೆ ಓಡಿಸಿದೆ. ಈಗ 25 ವೆಬ್ ಗುಂಪಿನಿಂದಲೇ ಬರುತ್ತಿದೆ, ಊರಿನ ಫೈಲಿನಲ್ಲಿ ಆ ಹೆಸರೇ ಇಲ್ಲ.

ಅಲ್ಲಿಂದ ಹೊರಟವನು ಫೋನ್ ಮಾಡಿದ ಆ ವೇ-ಬ್ರಿಜ್‌ಗೆ ಹೋದೆ. ಒಂದು ಗಾಡಿ ಏರಿ ನಿಂತಿತ್ತು. ಆಪರೇಟರ್ ಫೋಟೋ ತೆಗೆದರು, 6.8 ಎಂಬಿ. ಚೀಟಿ ಹೊರಬರಲು ನಾಲ್ಕು ಸೆಕೆಂಡು. "ಆತ್ ನೋಡ್ರಿ" ಅಂದು ಮುಂದಿನ ಗಾಡಿಗೆ ಕೈ ಮಾಡಿದರು.

ಅಕ್ಟೋಬರ್ 6ರಿಂದ 11: ಬೀದರ್, ಕಲಬುರಗಿ

ಬೀದರ್ 6ಕ್ಕೆ, ಕಲಬುರಗಿ 8ರಿಂದ 10ರವರೆಗೆ. ಹೇಳುವಂಥದ್ದೇನೂ ಆಗಲಿಲ್ಲ. ಬೀದರ್‌ನ ವೆಬ್ ಮಷೀನುಗಳು ಮೊದಲ ಬಾರಿಗೆ ತಮ್ಮ ಊರಿನ ಡಿಎನ್‌ಎಸ್ ಬಳಸತೊಡಗಿದವು. 9ರ ಮಧ್ಯಾಹ್ನ ಅಲ್ಲಿ ಹೊರಗಿನ ಲೈನು ಅರ್ಧ ತಾಸು ಹೋಗಿತ್ತು, ಬಿಲ್ಲಿಂಗ್ ನಿಲ್ಲಲಿಲ್ಲ.

ಎಣಿಕೆಗೆ ಬರೆದಿದ್ದ ಪೈಥಾನ್ ಸ್ಕ್ರಿಪ್ಟನ್ನು ತಿದ್ದಿ, ಕಮಿಟ್‌ಗೆ ಮೊದಲು ತಾನಾಗಿ ಓಡುವಂತೆ ಗಿಟ್‌ನ ಪ್ರಿ-ಕಮಿಟ್ ಹುಕ್‌ಗೆ ಹಾಕಿದೆ, 40 ಸಾಲು. ಒಂದೇ ಹೆಸರು ಊರಿನ ಫೈಲಿನಲ್ಲೂ ಕೆಲಸದ ಫೈಲಿನಲ್ಲೂ ಕಂಡರೆ ಕಮಿಟ್ ಆಗಲ್ಲ. ಗುಂಪಿನ ಹೆಸರಿನ ಫೋಲ್ಡರೂ ಫೈಲೂ ಎರಡೂ ಇದ್ದರೆ ಆಗಲೂ ತಡೆಯುತ್ತದೆ. ಪ್ಲೇಬುಕ್ ಪಕ್ಕದ ಗ್ರೂಪ್ ವಾರ್ಸ್ ಫೋಲ್ಡರ್ ಈಗ ಇಲ್ಲ. ಹೋಸ್ಟ್ ವಾರ್ಸ್ 9ರಿಂದ 3ಕ್ಕೆ ಇಳಿದಿದೆ.

ಒಟ್ಟು ಖರ್ಚು 10,740 ರೂಪಾಯಿ. ನೋಟ್‌ಬುಕ್ಕಿನ ಪ್ರಕಾರ ಸಮಯ 61 ತಾಸು, ಅದರಲ್ಲಿ ನನ್ನದೇ ತಪ್ಪು ತಿದ್ದಲು ಹೋದದ್ದು 17.

ಉಳಿದದ್ದು ಆ 4 ಹೆಸರು. ಅದರಲ್ಲಿ ಒಂದು ಡೇಟಾಬೇಸ್ ಮೆಮೊರಿ. ಅದು ಕೆಲಸದ್ದು ಅಂತ ನಾನು ಅಂದರೆ, ಒಂದೊಂದು ಊರಿನಲ್ಲಿ ಒಂದೊಂದು ರ್‍ಯಾಮ್ ಇದೆ, ಊರಿನದ್ದು ಅಂತ ನಮ್ಮ ಡೇಟಾಬೇಸ್ ನೋಡುವವರು ಹೇಳುತ್ತಾರೆ. ನನಗೀಗ ಅದು ಮಷೀನಿನದ್ದು ಅನ್ನಿಸುತ್ತಿದೆ. ಡಿಸೆಂಬರ್‌ಗೆ ತೊಗರಿ ರಾಶಿ ಶುರುವಾಗುತ್ತದೆ, ಆಮೇಲೆ ಯಾವ ಸರ್ವರನ್ನೂ ಮುಟ್ಟುವಂತಿಲ್ಲ. ನವೆಂಬರ್ ಒಳಗೆ ಇದನ್ನು ಕೂತು ಮುಗಿಸಬೇಕು.

11ರ ರಾತ್ರಿ 3ರ ಪ್ಲೇಬುಕ್ ಓಡಿದ ಲಾಗ್ ಬೆಳಿಗ್ಗೆ ನೋಡಿದೆ. 23 ಮಷೀನು, ಚೇಂಜ್ಡ್ 0, ಫೇಲ್ಡ್ 0.